ಶೇಕಡಾ ಹತ್ತು ಅಂದರೆ ನಿಜಕ್ಕೂ ಎಷ್ಟು? ಫಾರ್ಮಾಲಿನ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಫಾರ್ಮಾಲಿನ್ ಕುರಿತೇ ಇವೆ. ಹುಳು ಸಾಕುವವರು, ಕುರಿಗಾರರು, ಲ್ಯಾಬ್‌ನವರು, ಹೊಸ ಮನೆ ಕಟ್ಟಿಸಿದವರು ಬರೆದಿದ್ದಾರೆ. ಪ್ರಶ್ನೆಗಳು ಬೇರೆ ಬೇರೆ, ಆದರೆ ಅರ್ಧದಷ್ಟು ಗೊಂದಲದ ಮೂಲ ಒಂದೇ: ಶೇಕಡಾ ಲೆಕ್ಕ. ಹಾಗಾಗಿ ಆ ಪ್ರಶ್ನೆಯನ್ನೇ ಮೊದಲು ತೆಗೆದುಕೊಂಡಿದ್ದೇವೆ.

ಬಾಟಲಿ ಮೇಲೆ ಶೇ 37 ಅಂತ ಇರ್ತದ. ಡಾಕ್ಟರು ಶೇ 10ರ ಫಾರ್ಮಾಲಿನ್ ಮಾಡು ಅಂತಾರ. 37ರಿಂದ 10ಕ್ಕೆ ಇಳಿಸಬೇಕಂದ್ರ ಒಂದಕ್ಕ ಎರಡೂವರೆ ಪಟ್ಟು ನೀರು ಸಾಕಲ್ರೀ? ಒಂದಕ್ಕ ಒಂಬತ್ತು ಹಾಕ್ತಾರಲ್ಲ, ಯಾಕ?
— ಲ್ಯಾಬ್ ಟೆಕ್ನಿಷಿಯನ್, ಕಲಬುರಗಿ

ನಿಮ್ಮ ಗಣಿತ ಸರಿ, ಆದರೆ ಇಲ್ಲಿ ಲೆಕ್ಕ ಹಾಕುವ ಪದಾರ್ಥವೇ ಬೇರೆ. ಫಾರ್ಮಾಲ್ಡಿಹೈಡ್ ಒಂದು ಅನಿಲ. ಸೊನ್ನೆಗಿಂತ 19 ಡಿಗ್ರಿ ಕೆಳಗೇ ಅದು ಕುದಿಯುತ್ತದೆ. ಅದನ್ನು ನೀರಲ್ಲಿ ಕರಗಿಸಿ, ಗಟ್ಟಿಯಾಗದಿರಲೆಂದು ಶೇ 10ರಿಂದ 15ರಷ್ಟು ಮೆಥನಾಲ್ ಸೇರಿಸಿದ ದ್ರಾವಣವೇ ಫಾರ್ಮಾಲಿನ್. ಆ ದ್ರಾವಣದಲ್ಲಿ ಅನಿಲದ ಪಾಲು ತೂಕದಲ್ಲಿ ಶೇ 37, ಗಾತ್ರದ ಲೆಕ್ಕದಲ್ಲಿ ಸುಮಾರು ಶೇ 40. ಒಂದೇ ಬಾಟಲಿಗೆ ಎರಡು ಅಂಕಿ ಹೇಳುವುದು ಇದರಿಂದಲೇ.

ಪೆಥಾಲಜಿಯಲ್ಲಿ, ಅಂದರೆ ರೋಗ ಪತ್ತೆಗೆ ಅಂಗಾಂಶ ಕೆಡದಂತೆ ಇಡುವಲ್ಲಿ, "ಶೇ 10ರ ಫಾರ್ಮಾಲಿನ್" ಎಂದರೆ ಬಾಟಲಿಯ ದ್ರಾವಣ 10 ಪಾಲು, ನೀರು 90 ಪಾಲು. ಅದರಲ್ಲಿ ನಿಜವಾಗಿ ಇರುವ ಫಾರ್ಮಾಲ್ಡಿಹೈಡ್ ಶೇ 4 ಮಾತ್ರ. ನೀವು ಹೇಳಿದಂತೆ ಮಾಡಿದರೆ ಎರಡೂವರೆ ಪಟ್ಟಿಗಿಂತಲೂ ಹೆಚ್ಚು ಗಟ್ಟಿಯಾಗುತ್ತದೆ: ಅಂಗಾಂಶದ ಹೊರಪದರ ಬಿರುಸಾಗುತ್ತದೆ, ಕಣ್ಣು ಉರಿಯುತ್ತದೆ, ಬಾಟಲಿಯೂ ಬೇಗ ಖಾಲಿ.

ಇನ್ನು ಬರೀ ನೀರು ಬೆರೆಸಿ ಬಿಡಬೇಡಿ. ಫಾರ್ಮಾಲಿನ್ ಇಟ್ಟಲ್ಲೇ ನಿಧಾನಕ್ಕೆ ಫಾರ್ಮಿಕ್ ಆಮ್ಲವಾಗುತ್ತದೆ. ಆಮ್ಲ ಹೆಚ್ಚಾದರೆ ರಕ್ತ ಇರುವ ಅಂಗಾಂಶದಲ್ಲಿ ಕಂದು-ಕಪ್ಪು ಕಣಗಳು ಕೂರುತ್ತವೆ, ಸ್ಲೈಡ್ ನೋಡುವವರು ಮಲೇರಿಯಾ ವರ್ಣಕವೋ ಏನೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಅದಕ್ಕಾಗಿ ಬಫರ್, ಅಂದರೆ ಆಮ್ಲ ಏರದಂತೆ ಹಿಡಿದಿಡುವ ಲವಣಗಳು. ಒಂದು ಲೀಟರಿಗೆ: ಫಾರ್ಮಾಲಿನ್ 100 ಮಿ.ಲೀ., ಡಿಸ್ಟಿಲ್ಡ್ ನೀರು 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮಾನೋಹೈಡ್ರೇಟ್ 4 ಗ್ರಾಂ, ನೀರಿನಂಶವಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಲವಣಗಳನ್ನು ಮೊದಲು ನೀರಲ್ಲಿ ಕರಗಿಸಿ, ಕೊನೆಗೆ ಫಾರ್ಮಾಲಿನ್ ಹಾಕಿ. ಪಿಎಚ್ 6.8ರಿಂದ 7.2ರ ಒಳಗೆ ಬರಬೇಕು. ಅಂಗಾಂಶದ ಗಾತ್ರದ ಕನಿಷ್ಠ 10 ಪಟ್ಟು ದ್ರಾವಣ ಇರಲಿ. ಡಬ್ಬಿಯ ಬಾಯಿತನಕ ಗರ್ಭಕೋಶ ತುರುಕಿ ಮೇಲೆ ನಾಲ್ಕು ಚಮಚ ಫಾರ್ಮಾಲಿನ್ ಸುರಿದು ಕಳಿಸಿದರೆ ಒಳಗಿನದು ದಾರಿಯಲ್ಲೇ ಕೊಳೆತಿರುತ್ತದೆ, ನಮ್ಮ ಬಿಸಿಲಲ್ಲಿ ಇನ್ನೂ ಬೇಗ.

ನಮ್ಮಲ್ಲಿ ಬೆಲ್ಲಕ್ಕೆ ಬರವಿಲ್ಲ. ಫಾರ್ಮಾಲಿನ್ ಬದಲು ಬೆಲ್ಲದ ನೀರಲ್ಲಿ ಅಂಗಾಂಶ ಕೆಡದಂತೆ ಇಡಬಹುದು ಎಂದು ಓದಿದೆ. ಇದು ನಿಜವೇ? ಎಂ.ಎಸ್ಸಿ. ಪ್ರಾಜೆಕ್ಟಿಗೆ ತೆಗೆದುಕೊಳ್ಳಬಹುದೇ?
— ವಿದ್ಯಾರ್ಥಿನಿ, ಕಲಬುರಗಿ

ನಿಜ. ಬಾಯಿಯ ರೋಗಶಾಸ್ತ್ರದ ಭಾರತೀಯ ಸಂಶೋಧಕರು ಶೇ 30ರ ಬೆಲ್ಲದ ದ್ರಾವಣ ಮತ್ತು ಶೇ 20ರ ಜೇನುತುಪ್ಪದ ದ್ರಾವಣಗಳನ್ನು ಫಾರ್ಮಾಲಿನ್ ಜೊತೆ ಹೋಲಿಸಿ 2013ರ ಸುಮಾರಿಗೆ ಪ್ರಕಟಿಸಿದರು. ಬೆಲ್ಲ ಸಾಕಷ್ಟು ಚೆನ್ನಾಗಿ ಕೆಲಸ ಮಾಡಿತ್ತು. ಹೇಗೆ ಎಂಬುದಕ್ಕೆ ಅವರು ಕೊಟ್ಟ ವಿವರಣೆ: ಬೆಲ್ಲದ ಸಕ್ಕರೆಗಳು ಆಮ್ಲೀಯ ವಾತಾವರಣದಲ್ಲಿ ಒಡೆದು ಆಲ್ಡಿಹೈಡ್‌ಗಳಾಗುತ್ತವೆ, ಅವು ಪ್ರೋಟೀನಿನ ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತವೆ. ಫಾರ್ಮಾಲಿನ್ ಮಾಡುವುದೂ ಇದನ್ನೇ, ಆದರೆ ಬಹಳ ಗಟ್ಟಿಯಾಗಿ.

ಪ್ರಾಜೆಕ್ಟ್ ಮಾಡುವುದಾದರೆ ಹೀಗೆ ಮಾಡಿ. ಅಂದೇ ಕೊಯ್ದ ಆಡಿನ ಲಿವರ್ ತನ್ನಿ, ಅಂಗಡಿಯಲ್ಲಿ ಬೆಳಗಿನಿಂದ ತೂಗುಹಾಕಿದ್ದು ಬೇಡ. 4 ಮಿ.ಮೀ. ದಪ್ಪದ ಚೂರುಗಳಾಗಿ ಕೊಯ್ಯಿರಿ. ಒಂದು ಗುಂಪು ಬಫರ್ ಮಾಡಿದ ಫಾರ್ಮಾಲಿನ್‌ಗೆ, ಒಂದು ಬೆಲ್ಲಕ್ಕೆ (30 ಗ್ರಾಂ ಬೆಲ್ಲ ಕರಗಿಸಿ, ಕಸ ಸೋಸಿ, ನೀರು ಸೇರಿಸಿ 100 ಮಿ.ಲೀ. ಮಾಡಿ), ಮೂರನೆಯದು ಬರೀ ಸಲೈನ್‌ಗೆ. ಮೂರನೆಯ ಗುಂಪನ್ನು ಬಹಳ ಮಂದಿ ಮರೆಯುತ್ತಾರೆ. ಅದಿಲ್ಲದೆ ಬೆಲ್ಲ ಕಾಪಾಡಿತೋ, ಒಂದು ದಿನದಲ್ಲಿ ಲಿವರ್ ತಾನಾಗಿಯೇ ಕೆಡಲಿಲ್ಲವೋ ಎಂದು ಹೇಳಲಾಗದು. 24 ಗಂಟೆ ಬಿಟ್ಟು, ಒಂದೇ ಬ್ಯಾಚಿನಲ್ಲಿ ಮೇಣಕ್ಕೆ ಹಾಕಿ, ಎಚ್ ಅಂಡ್ ಇ (ಹೆಮಟಾಕ್ಸಿಲಿನ್, ಇಯೋಸಿನ್) ಬಣ್ಣ ಹಾಕಿ. ಸ್ಲೈಡಿಗೆ ಬರೀ ಸಂಖ್ಯೆ ಅಂಟಿಸಿ, ಯಾವುದು ಯಾವ ದ್ರಾವಣದ್ದೆಂದು ತಿಳಿಯದ ಇಬ್ಬರಿಂದ ಅಂಕ ಕೊಡಿಸಿ: ಕೋಶಕೇಂದ್ರ ಸ್ಪಷ್ಟವಿದೆಯೇ, ಕೋಶದ ಅಂಚು ಕಾಣುತ್ತದೆಯೇ, ಬಣ್ಣ ಸಮನಾಗಿ ಹಿಡಿದಿದೆಯೇ. ಚೂರುಗಳನ್ನು ಮೊದಲೂ ಆಮೇಲೂ ಅಳೆಯಿರಿ, ಬೆಲ್ಲದ ಸಾಂದ್ರ ದ್ರಾವಣ ನೀರೆಳೆದು ಅಂಗಾಂಶ ಕುಗ್ಗಿಸುತ್ತದೆ.

ಎಲ್ಲಿ ಕೈಕೊಡುತ್ತದೆ ಎಂದರೆ, ಬೆಲ್ಲದ ನೀರು ಎರಡು ಮೂರು ದಿನದಲ್ಲಿ ಹುಳಿಯೇರಿ ನೊರೆ ಕಟ್ಟುತ್ತದೆ, ಮೇಲೆ ಬೂಷ್ಟು ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಒಂದೇ ದಿನ ಸಾಕು. ಬೆಲ್ಲದ ಒಂದೊಂದು ಅಚ್ಚೂ ಒಂದೊಂದು ಥರ: ಸುಣ್ಣ ಎಷ್ಟು ಹಾಕಿದ್ದಾರೆ, ಬಿಳುಪಿಗೆ ಏನು ಬಳಸಿದ್ದಾರೆ ಎಂಬುದರ ಮೇಲೆ ಪಿಎಚ್ ಬದಲಾಗುತ್ತದೆ. ಆದ್ದರಿಂದ ಒಂದೇ ಗಾಣದ ಒಂದೇ ಅಚ್ಚು ಬಳಸಿ, ಪಿಎಚ್ ಬರೆದಿಡಿ. ಸಣ್ಣ ಬಯಾಪ್ಸಿಗೆ, ಬೋಧನೆಯ ಸ್ಲೈಡಿಗೆ ಬೆಲ್ಲ ಆಗಬಹುದು. ರೋಗಿಯ ಕ್ಯಾನ್ಸರ್ ಗಡ್ಡೆಗೆ ಬಳಸುವ ಕಾಲ ಬಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಸ್ತನ ಕ್ಯಾನ್ಸರಿಗೆ ಮಾಡುವ ಹಾರ್ಮೋನ್ ಗ್ರಾಹಿ, ಹರ್-2 ಮುಂತಾದ ಪರೀಕ್ಷೆಗಳೆಲ್ಲ ಫಾರ್ಮಾಲಿನ್‌ನಲ್ಲಿ 6ರಿಂದ 72 ಗಂಟೆ ಇಟ್ಟ ಅಂಗಾಂಶದ ಮೇಲೆಯೇ ಅಳೆದು ನಿಗದಿಯಾದವು. ಮನುಷ್ಯರ ಮಾದರಿಗೆ ಹತ್ತಿರ ಬಂದಿರುವ ಬದಲಿ ಎಂದರೆ ಗ್ಲೈಆಕ್ಸಲ್. ಅದೂ ಆಲ್ಡಿಹೈಡ್, ಆದರೆ ದ್ರಾವಣದಿಂದ ಆವಿಯಾಗಿ ಮೂಗಿಗೆ ಬರುವುದಿಲ್ಲ. ಅದರ ಆಮ್ಲೀಯತೆಯೇ ತೊಡಕಾಗಿತ್ತು. ಇಟಲಿಯ ಟ್ಯೂರಿನ್‌ನ ಸಂಶೋಧಕರು ಆಮ್ಲ ತೆಗೆದ ಗ್ಲೈಆಕ್ಸಲ್ ತಯಾರಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ.

ಬೀದರಿನ ಚಳಿಗೆ ಫಾರ್ಮಾಲಿನ್ ಕ್ಯಾನಿನ ತಳದಲ್ಲಿ ಬಿಳಿ ಗಸಿ ಕೂತಿದೆ. ಜೀವಶಾಸ್ತ್ರ ಲ್ಯಾಬಿನ ಜಾಡಿಗಳಲ್ಲಿ ಬಸವನಹುಳುವಿನ ಚಿಪ್ಪು ಸುಣ್ಣದ ಪುಡಿಯಂತೆ ಉದುರುತ್ತಿದೆ. ಕಲಬೆರಕೆ ಮಾಲೇ?
— ಕಾಲೇಜು ಪ್ರಯೋಗಾಲಯ ಸಹಾಯಕ, ಹುಮನಾಬಾದ್

ಎರಡೂ ಕಲಬೆರಕೆಯಲ್ಲ. ಗಸಿ ಎಂದರೆ ಪ್ಯಾರಾಫಾರ್ಮಾಲ್ಡಿಹೈಡ್: ತಂಪಿಗೆ ಫಾರ್ಮಾಲ್ಡಿಹೈಡ್ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಳಿಯಾಗಿ ತಳಕ್ಕಿಳಿದಿವೆ. ಆದ್ದರಿಂದ ಮೇಲಿನ ದ್ರಾವಣ ಈಗ ಶೇ 37 ಇಲ್ಲ. ಅಳತೆಯ ಕೆಲಸಕ್ಕೆ ಅದು ಬೇಡ. ಕ್ಯಾನನ್ನು ಒಲೆಯ ಮೇಲೆ ಕಾಯಿಸಿ ಕರಗಿಸಲು ಹೋಗಬೇಡಿ, ಮೆಥನಾಲ್ ಇದೆ, ಬೆಂಕಿ ಹಿಡಿಯುತ್ತದೆ, ಹೊರಡುವ ಅನಿಲ ಕೋಣೆ ತುಂಬುತ್ತದೆ. ಮುಂದಿನ ಸಲ ಕ್ಯಾನನ್ನು ನೆಲದ ಕಲ್ಲಿನ ಮೇಲಿಡದೆ ಕಪಾಟಿನ ಒಳಗಿಡಿ. ಫ್ರಿಜ್ಜಿನಲ್ಲಿ ಎಂದೂ ಇಡಬೇಡಿ.

ಚಿಪ್ಪಿನದು ಫಾರ್ಮಿಕ್ ಆಮ್ಲದ ಕೆಲಸ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲ ಅದನ್ನು ತಿನ್ನುತ್ತದೆ. ಚಿಪ್ಪು, ಮೂಳೆ ಇರುವ ಮಾದರಿಗಳನ್ನು ಆಲ್ಕೊಹಾಲಿಗೆ ಬದಲಿಸಿ. ಮಾದರಿಯನ್ನು ಎರಡು ದಿನ ನೀರಲ್ಲಿಟ್ಟು, ನೀರು ನಾಲ್ಕೈದು ಸಲ ಬದಲಿಸಿ. ಆಮೇಲೆ ಶೇ 30, ಶೇ 50, ಶೇ 70ರ ಎಥನಾಲಿನಲ್ಲಿ ಒಂದೊಂದು ದಿನ. ನೇರ 70ಕ್ಕೆ ಹಾಕಿದರೆ ಮೃದು ದೇಹ ಸುಕ್ಕುಗಟ್ಟುತ್ತದೆ. ಶೇ 95ರ ಎಥನಾಲಿನಿಂದ 70 ಮಾಡಲು ಸುಲಭ ದಾರಿ: ಅಳತೆ ಜಾಡಿಯಲ್ಲಿ 70 ಮಿ.ಲೀ. ತೆಗೆದುಕೊಂಡು 95ರ ಗೆರೆಯವರೆಗೆ ನೀರು ಹಾಕಿ. ಶೇ 50 ಬೇಕೆಂದರೆ 50 ತೆಗೆದು 95ರವರೆಗೆ. ಹಾವು, ಕಪ್ಪೆಗಳ ಬಣ್ಣ ಆಲ್ಕೊಹಾಲಿನಲ್ಲೂ ಮಾಸುತ್ತದೆ, ಹೊಸ ಮಾದರಿಯಾದರೆ ಮೊದಲೇ ಫೋಟೊ ತೆಗೆದಿಡಿ. ಫಾರ್ಮಾಲಿನ್‌ನಲ್ಲೇ ಇರಬೇಕಾದವಕ್ಕೆ ಜಾಡಿಯ ತಳದಲ್ಲಿ ನಾಲ್ಕು ಅಮೃತಶಿಲೆಯ ಚೂರು ಹಾಕಿ, ಆಮ್ಲ ಮೊದಲು ಅವುಗಳನ್ನು ತಿನ್ನಲಿ.

ರೇಷ್ಮೆ ಹುಳು ಸಾಕುವ ಮನೆಗೆ ಶೇ 2ರ ಫಾರ್ಮಾಲಿನ್ ಹೊಡೀರಿ ಅಂತಾರೆ. ನೂರು ಲೀಟರಿಗೆ ಎರಡು ಲೀಟರ್ ಹಾಕಿ ಹೊಡೆದೆವು. ಆದರೂ ಹಾಲುತೊಂಡೆ ರೋಗ ಬಂತು. ಔಷಧಿ ನಕಲಿಯೇ?
— ರೇಷ್ಮೆ ಬೆಳೆಗಾರ, ಭಾಲ್ಕಿ ತಾಲ್ಲೂಕು

ಔಷಧಿಗಿಂತ ಮೊದಲು ಲೆಕ್ಕ ನೋಡಿ. ಪೆಥಾಲಜಿಯವರ ಶೇ 10 ಬಾಟಲಿ ದ್ರಾವಣದ ಲೆಕ್ಕ. ರೇಷ್ಮೆಯವರ ಶೇ 2 ನಿಜವಾದ ಫಾರ್ಮಾಲ್ಡಿಹೈಡಿನ ಲೆಕ್ಕ. ಶೇ 36ರ ಫಾರ್ಮಾಲಿನ್ ಒಂದು ಲೀಟರಿಗೆ 17 ಲೀಟರ್ ನೀರು. ನೀವು ಹೊಡೆದದ್ದರಲ್ಲಿ ಶೇ 0.7 ಮಾತ್ರ ಇತ್ತು, ಬೇಕಾದುದರ ಮೂರನೇ ಒಂದು ಪಾಲು. ಸೂತ್ರ ಇಷ್ಟೇ: ಬಾಟಲಿಯ ಅಂಕಿಯಿಂದ ಬೇಕಾದ ಅಂಕಿ ಕಳೆಯಿರಿ, ಬಂದದ್ದನ್ನು ಬೇಕಾದ ಅಂಕಿಯಿಂದ ಭಾಗಿಸಿ. ಒಂದು ಪಾಲಿಗೆ ಅಷ್ಟು ಪಾಲು ನೀರು. 36ರಿಂದ 2 ಕಳೆದರೆ 34, ಎರಡರಿಂದ ಭಾಗಿಸಿದರೆ 17.

ಇನ್ನೆರಡು ಕಾರಣ. ಫಾರ್ಮಾಲಿನ್ ಕೆಲಸ ಮಾಡಲು ಕೋಣೆ 25 ಡಿಗ್ರಿಗಿಂತ ಬೆಚ್ಚಗಿರಬೇಕು, ತೇವಾಂಶ ಶೇ 70 ದಾಟಬೇಕು. ನಮ್ಮ ಬೇಸಿಗೆಯಲ್ಲಿ ಶಾಖಕ್ಕೆ ಕೊರತೆಯಿಲ್ಲ, ತೇವ ಇರುವುದಿಲ್ಲ. ಹೊಡೆಯುವ ಮುಂಚೆ ಗೋಡೆ, ನೆಲ ಚೆನ್ನಾಗಿ ತೊಳೆದು ತೇವವಿದ್ದಾಗಲೇ ಸಿಂಪಡಿಸಿ, ಕಿಟಕಿ ಸಂದುಗಳಿಗೆ ಕಾಗದ ಅಂಟಿಸಿ 24 ಗಂಟೆ ಮುಚ್ಚಿಡಿ. ಹಿಂದಿನ ಬೆಳೆಯ ಹಿಕ್ಕೆ, ಸತ್ತ ಹುಳು ತಟ್ಟೆಯ ಸಂದಿಯಲ್ಲಿದ್ದರೆ ಫಾರ್ಮಾಲ್ಡಿಹೈಡ್ ಆ ಕೊಳಕಿನ ಪ್ರೋಟೀನನ್ನೇ ಹಿಡಿದು ಅಲ್ಲೇ ಮುಗಿಯುತ್ತದೆ. ಇನ್ನು ಹಾಲುತೊಂಡೆಯ ವೈರಸ್ ಗಟ್ಟಿ ಪ್ರೋಟೀನಿನ ಹರಳಿನೊಳಗೆ ಕೂತಿರುತ್ತದೆ. ಆ ಹರಳನ್ನು ಕರಗಿಸುವುದು ಕ್ಷಾರ. ಸುಣ್ಣ ಕ್ಷಾರ, ಸಿಂಪಡಿಸುವ ದ್ರಾವಣಕ್ಕೆ ಸುಣ್ಣ ಸೇರಿಸಿ ಎನ್ನುವುದು ಅದಕ್ಕೇ, ಬರೀ ಶಾಸ್ತ್ರಕ್ಕಲ್ಲ.

ಇಷ್ಟಾಗಿಯೂ ನಮ್ಮನ್ನು ಕೇಳಿದರೆ ಫಾರ್ಮಾಲಿನ್ ಬಿಡಿ ಎನ್ನುತ್ತೇವೆ. ವಾಸದ ಮನೆಗೆ ಅಂಟಿಕೊಂಡೇ ಹುಳುಮನೆ ಇದ್ದರೆ ಖಂಡಿತ ಬೇಡ. ಬದಲಿಗೆ 100 ಲೀಟರ್ ನೀರಿಗೆ 2 ಕೆ.ಜಿ. ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿಸಿದ ಸುಣ್ಣ. ಪುಡಿಯಲ್ಲಿ ಶೇ 30 ಕ್ಲೋರಿನ್ ಇರಬೇಕು. ಬಾಯಿ ತೆರೆದ ಚೀಲದ ಪುಡಿ ಬಿಸಿಲಲ್ಲಿ ಕೆಲವೇ ವಾರಗಳಲ್ಲಿ ಸತ್ವ ಕಳೆದುಕೊಂಡು ಬರೀ ಸುಣ್ಣವಾಗುತ್ತದೆ. ಮೂಸಿದರೆ ಘಾಟು ಮೂಗಿಗೆ ಬಡಿಯದಿದ್ದರೆ ಕೊಳ್ಳಬೇಡಿ. ಕಲಸಿದ್ದನ್ನು ಅಂದೇ ಬಳಸಿ. ಇದರ ತೊಂದರೆ ಎಂದರೆ ಕಬ್ಬಿಣದ ಸ್ಟ್ಯಾಂಡಿಗೆ ತುಕ್ಕು, ಹತ್ತಿ ಬಲೆಗೆ ತೂತು. ಕ್ಲೋರಿನ್ ಡೈಆಕ್ಸೈಡ್ ಪೊಟ್ಟಣ ಸಿಕ್ಕರೆ ಅದು ಮೇಲು, ಅಳತೆ ಪೊಟ್ಟಣದ ಮೇಲಿರುವಂತೆಯೇ. ಫಾರ್ಮಾಲಿನ್ ಹೊಡೆದ ಮೇಲೆ ಬ್ಲೀಚಿಂಗ್, ಅಥವಾ ಪಾಯಿಖಾನೆ ತೊಳೆಯುವ ಆ್ಯಸಿಡ್, ಒಂದರ ಮೇಲೊಂದು ಎಂದೂ ಬೇಡ. ಹೈಡ್ರೋಕ್ಲೋರಿಕ್ ಆಮ್ಲದ ಆವಿ ಮತ್ತು ಫಾರ್ಮಾಲ್ಡಿಹೈಡ್ ಸೇರಿದರೆ ಬಿಸ್-ಕ್ಲೋರೋಮೀಥೈಲ್ ಈಥರ್ ಎಂಬ, ಶ್ವಾಸಕೋಶದ ಕ್ಯಾನ್ಸರ್ ತರುವ ವಸ್ತು ಹುಟ್ಟಬಹುದು.

ಮಳಿಗಾಲದಾಗ ಕುರಿ ಗೊರಸು ಕೊಳೀತಾವ, ಕುಂಟತಾವ. ಫಾರ್ಮಾಲಿನ್ ನೀರಾಗ ನಡಸ್ರಿ ಅಂದ್ರು. ಎಷ್ಟು ಹಾಕಬೇಕು?
— ಕುರಿಗಾರ, ಸುರಪುರ

ಇಲ್ಲಿ ಮತ್ತೆ ಲೆಕ್ಕ ಬದಲು. ಕಾಲು ತೊಯಿಸುವ "ಶೇ 3" ಬಾಟಲಿಯ ಲೆಕ್ಕವೇ: 97 ಲೀಟರ್ ನೀರಿಗೆ 3 ಲೀಟರ್ ಫಾರ್ಮಾಲಿನ್. ಶೇ 5 ದಾಟಿದರೆ ಗೊರಸಿನ ಮೇಲಿನ ಚರ್ಮ ಸುಡುತ್ತದೆ. ಗಾಯ ಬಿಟ್ಟು ಮಾಂಸ ಕಾಣುವ ಕುರಿಯನ್ನು ಇದರಲ್ಲಿ ಇಳಿಸಬೇಡಿ, ಉರಿಗೆ ಇನ್ನೊಮ್ಮೆ ಆ ತೊಟ್ಟಿಯ ಹತ್ತಿರವೂ ಬರುವುದಿಲ್ಲ. ಹಾಗಾಗಿ ಝಿಂಕ್ ಸಲ್ಫೇಟ್ ಒಳ್ಳೆಯದು: 100 ಲೀಟರ್ ನೀರಿಗೆ 10 ಕೆ.ಜಿ. ಗದ್ದೆಗೆ ಹಾಕುವ ಅದೇ ಪುಡಿ. ಮೊದಲು ಬರೀ ನೀರಲ್ಲಿ ನಡೆಸಿ ಕೆಸರು ಬಿಡಿಸಿ. ಮಣ್ಣು ಮೆತ್ತಿದ ಗೊರಸಿಗೆ ಯಾವ ಔಷಧಿಯೂ ಮುಟ್ಟದು. ಆಮೇಲೆ ಗೊರಸು ಮುಳುಗುವಷ್ಟು ದ್ರಾವಣದಲ್ಲಿ 15 ನಿಮಿಷ ನಿಲ್ಲಿಸಿ, ಒಣ ನೆಲದ ಮೇಲೆ ಅರ್ಧ ಗಂಟೆ ಬಿಡಿ. ನೀರು ಕುಡಿಸಿಯೇ ತನ್ನಿ, ಬಾಯಾರಿದ ಕುರಿ ಅದನ್ನೇ ಕುಡಿಯುತ್ತದೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಅಗ್ಗ ಎಂದು ಕುರಿಗೆ ಬಳಸಬೇಡಿ. ದನ ತಡೆದುಕೊಳ್ಳುವ ತಾಮ್ರ ಕುರಿಯ ಲಿವರಿನಲ್ಲಿ ಕೂಡಿಕೊಂಡು ಕೊಲ್ಲುತ್ತದೆ.

ಉಳಿದ ಫಾರ್ಮಾಲಿನ್ ನೀರನ್ನು ನಾರಾಯಣಪುರ ಎಡದಂಡೆ ಕಾಲುವೆಗೋ ಹಳ್ಳಕ್ಕೋ ಚೆಲ್ಲಬೇಡಿ, ಮೀನು ಸಾಯುತ್ತವೆ. ಬಾವಿಯಿಂದ ದೂರ, ಬೆಳೆ ಇಲ್ಲದ ಒಣ ನೆಲದ ಮೇಲೆ ತೆಳ್ಳಗೆ ಚೆಲ್ಲಿದರೆ ಮಣ್ಣಿನ ಸೂಕ್ಷ್ಮಜೀವಿಗಳು ಒಡೆಯುತ್ತವೆ. ಇನ್ನೊಂದು: ಕುಂಟುವುದರ ಜೊತೆ ಬಾಯಲ್ಲೂ ಹುಣ್ಣು, ಜೊಲ್ಲು ಇದ್ದರೆ ಅದು ಬರೀ ಗೊರಸು ಕೊಳೆಯಲ್ಲ, ಕಾಲುಬಾಯಿ ಜ್ವರದಂಥ ಬೇರೆ ರೋಗವಿರಬಹುದು. ಪಶುವೈದ್ಯರನ್ನು ಕರೆಯಿರಿ.

ಹಾಲಿಗೆ ಫಾರ್ಮಾಲಿನ್ ಹಾಕಿದ್ದಾರೋ ಇಲ್ಲವೋ ಮನೆಯಲ್ಲೇ ಪತ್ತೆ ಹಚ್ಚುವುದು ಹೇಗೆ?
— ಗೃಹಿಣಿ, ಆಳಂದ

ಪ್ರಯೋಗಾಲಯದ ವಿಧಾನ ಹೀಗಿದೆ: ಗಾಜಿನ ನಳಿಕೆಯಲ್ಲಿ 10 ಮಿ.ಲೀ. ಹಾಲು, ಅಲುಗಿಸದೆ ಪಕ್ಕದ ಗೋಡೆಗುಂಟ 5 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಮ್ಲ. ಎರಡೂ ಸೇರುವಲ್ಲಿ ನೇರಳೆ ಅಥವಾ ನೀಲಿ ಬಳೆ ಮೂಡಿದರೆ ಫಾರ್ಮಾಲಿನ್ ಇದೆ. ಇಲ್ಲದಿದ್ದರೆ ಕಂದೋ ಹಸಿರೋ ಬರುತ್ತದೆ. ಆಮ್ಲದಲ್ಲಿ ಕಬ್ಬಿಣದ ಅಂಶ ಚೂರಾದರೂ ಇರಬೇಕು. ತೀರಾ ಶುದ್ಧ ಆಮ್ಲದಲ್ಲಿ ಬಳೆ ಮೂಡದೆ ಮೋಸವಾಗುತ್ತದೆ, ಅದಕ್ಕೇ ಒಂದು ಹನಿ ಫೆರಿಕ್ ಕ್ಲೋರೈಡ್ ಹಾಕುತ್ತಾರೆ. ಇದನ್ನು ಅಡುಗೆಮನೆಯಲ್ಲಿ ಮಾಡಬೇಡಿ, ಆ ಆಮ್ಲ ಸಿಡಿದರೆ ಕಣ್ಣು ಹೋಗುತ್ತದೆ.

ಮನೆಯಲ್ಲಿ ನೋಡಬಹುದಾದದ್ದು ಹೆಪ್ಪು. ಕಾಸಿ ಉಗುರುಬೆಚ್ಚಗೆ ಆರಿಸಿದ ಹಾಲಿಗೆ ಒಳ್ಳೆಯ ಹೆಪ್ಪು ಹಾಕಿದರೂ, ಬೇಸಿಗೆಯಲ್ಲೂ, ಹತ್ತು ಹನ್ನೆರಡು ಗಂಟೆಯಲ್ಲಿ ಮೊಸರಾಗದಿದ್ದರೆ ಹಾಲಿನಲ್ಲಿ ಏನೋ ಇದೆ. ಫಾರ್ಮಾಲಿನ್ನೇ ಎನ್ನುವಂತಿಲ್ಲ. ಎಮ್ಮೆಗೆ ಕೆಚ್ಚಲು ಬಾವಿಗೆ ಕೊಟ್ಟ ಆ್ಯಂಟಿಬಯಾಟಿಕ್ ಹಾಲಿಗೆ ಬಂದಿದ್ದರೂ ಹೆಪ್ಪು ಕೂರುವುದಿಲ್ಲ. ಕಾಸಿದರೆ ಫಾರ್ಮಾಲಿನ್ ಹೋಗುತ್ತದೆ ಎಂದು ನಂಬಬೇಡಿ, ಅದು ಹಾಲಿನ ಪ್ರೋಟೀನನ್ನು ಕಚ್ಚಿಕೊಂಡಿರುತ್ತದೆ. ಒಂದು ತಮಾಷೆ: ಆಹಾರ ಸುರಕ್ಷತಾ ಅಧಿಕಾರಿಗಳು ಪರೀಕ್ಷೆಗೆ ಒಯ್ಯುವ ಹಾಲಿನ ಮಾದರಿಗೆ ಕಾಯಿದೆಯ ಪ್ರಕಾರವೇ 25 ಮಿ.ಲೀ.ಗೆ ಎರಡು ಹನಿಯಂತೆ ಫಾರ್ಮಾಲಿನ್ ಹಾಕುತ್ತಾರೆ, ಲ್ಯಾಬು ಮುಟ್ಟುವವರೆಗೆ ಕೆಡದಿರಲೆಂದು. ಅಂಥ ಬಾಟಲಿಯಲ್ಲಿ ಫಾರ್ಮಾಲಿನ್ ಹುಡುಕಿ ಅರ್ಥವಿಲ್ಲ, ಆ ದೂರಿದ್ದರೆ ಮಾದರಿ ತೆಗೆಯುವಾಗಲೇ ಹೇಳಿ.

ಮೀನಿನಲ್ಲಿ?
— ಓದುಗ, ಬಸವಕಲ್ಯಾಣ

ಸಮುದ್ರದ ಕೆಲವು ಮೀನುಗಳಲ್ಲಿ, ಬೊಂಬಿಲ್ ಇದಕ್ಕೆ ಹೆಸರುವಾಸಿ, ಸತ್ತ ಮೇಲೆ ತಾನಾಗಿಯೇ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಕಾರಂಜಾ ಜಲಾಶಯದ ಕಟ್ಲಾ, ರೋಹುಗಳಂಥ ಸಿಹಿನೀರಿನ ಮೀನಿನಲ್ಲಿ ಅದಕ್ಕೆ ಬೇಕಾದ ಮೂಲವಸ್ತು ಬಹಳ ಕಡಿಮೆ. ಹಾಗಾಗಿ ಕಟ್ಲಾದಲ್ಲಿ ಹೆಚ್ಚು ಸಿಕ್ಕರೆ ಯಾರೋ ಹಾಕಿದ್ದಾರೆಂದೇ ಅನುಮಾನಿಸಬೇಕು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಕಾಗದದ ಪಟ್ಟಿಯ ಕಿಟ್ ರೂಪಿಸಿದೆ, ಪಟ್ಟಿಯ ಬಣ್ಣ ನೋಡಿ ನಿಮಿಷಗಳಲ್ಲಿ ಹೇಳಬಹುದು. ನೊಣ ಕೂರುವುದಿಲ್ಲ ಎಂಬ ಗುರುತನ್ನು ನಂಬಬೇಡಿ, ಐಸ್ ಮೇಲಿರುವ ಒಳ್ಳೆಯ ಮೀನಿಗೂ ನೊಣ ಕಡಿಮೆ.

ಹೊಸ ಮನೆಗೆ ಪ್ಲೈವುಡ್ ವಾರ್ಡ್‌ರೋಬ್, ಮಂಚ ಮಾಡಿಸಿ ಮೂರು ತಿಂಗಳಾಯಿತು. ಬಾಗಿಲು ತೆಗೆದರೆ ಕಣ್ಣಲ್ಲಿ ನೀರು. ಗಿಡ ಇಟ್ಟರೆ ಹೋಗುತ್ತದೆಯೇ? ಆನ್‌ಲೈನಿನಲ್ಲಿ ಮೀಟರ್ ತರಿಸಿದ್ದೇವೆ, ಅಂಕಿ ಕುಣಿಯುತ್ತದೆ.
— ಓದುಗರು, ಕಲಬುರಗಿ

ಅಗ್ಗದ ಪ್ಲೈ, ಎಂಡಿಎಫ್, ಪಾರ್ಟಿಕಲ್ ಬೋರ್ಡ್‌ಗಳ ಅಂಟು ಯೂರಿಯಾ-ಫಾರ್ಮಾಲ್ಡಿಹೈಡ್. ಶಾಖ ಮತ್ತು ತೇವಕ್ಕೆ ಆ ಅಂಟು ನಿಧಾನವಾಗಿ ಬಿಚ್ಚಿಕೊಂಡು ಅನಿಲ ಬಿಡುತ್ತದೆ. ಸುಮಾರು 7 ಡಿಗ್ರಿ ಏರಿದರೆ ಅನಿಲ ಎರಡು ಪಟ್ಟು. 25 ಡಿಗ್ರಿಯಲ್ಲಿ ಪರೀಕ್ಷೆ ಪಾಸಾದ ಹಲಗೆ 39 ಡಿಗ್ರಿಯ ಮುಚ್ಚಿದ ಕೋಣೆಯಲ್ಲಿ ನಾಲ್ಕು ಪಟ್ಟು ಬಿಡುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಬೀಗ ಹಾಕಿ ಊರಿಗೆ ಹೋಗಿ ಬಂದ ಮನೆ ಎಂದರೆ ಇದೇ.

ಮೀಟರನ್ನು ಒಂದು ಪರೀಕ್ಷೆಗೆ ಒಡ್ಡಿ: ಪಕ್ಕದಲ್ಲಿ ಸ್ಯಾನಿಟೈಸರ್ ಬಾಟಲಿಯ ಮುಚ್ಚಳ ತೆಗೆಯಿರಿ. ಅಂಕಿ ಏರಿದರೆ ಅದು ಆಲ್ಕೊಹಾಲನ್ನೂ ಫಾರ್ಮಾಲ್ಡಿಹೈಡ್ ಎಂದೇ ಓದುತ್ತಿದೆ. ಗಿಡದ ಮಾತು ನಾಸಾದ 1989ರ ಪ್ರಯೋಗದಿಂದ ಹರಡಿದ್ದು. ಅದು ಸಣ್ಣ ಮುಚ್ಚಿದ ಪೆಟ್ಟಿಗೆಯಲ್ಲಿ ಮಾಡಿದ ಪ್ರಯೋಗ. ಅಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಕಿಟಕಿ ತೆರೆದಷ್ಟು ಪರಿಣಾಮ ಸಿಗಲು ಚದರ ಮೀಟರಿಗೆ 10ರಿಂದ 1000 ಗಿಡ ಬೇಕೆಂದು ಬಂತು. ಮಲಗಲು ಜಾಗ ಉಳಿಯುವುದಿಲ್ಲ.

ಮಾಡಬೇಕಾದದ್ದು ಬಡಗಿಯ ಕೆಲಸ. ವಾರ್ಡ್‌ರೋಬಿನ ಮುಂಭಾಗಕ್ಕೆ ಲ್ಯಾಮಿನೇಟ್ ಇರುತ್ತದೆ. ಗೋಡೆಗೆ ತಾಗಿದ ಹಿಂಬದಿ, ಶೆಲ್ಫಿನ ಕೆಳಮೈ, ಕೊಯ್ದ ಅಂಚು, ಹಿಂಜ್ ಕೂರಿಸಲು ಕೊರೆದ ಕುಳಿ ಬೋಳಾಗಿರುತ್ತವೆ. ಅನಿಲ ಹೊರಬರುವುದು ಹೆಚ್ಚಾಗಿ ಈ ಬೋಳು ಜಾಗಗಳಿಂದ. ಅಂಚಿಗೆಲ್ಲ ಎಡ್ಜ್ ಬ್ಯಾಂಡ್ ಹೊಡೆಸಿ, ಬೋಳು ಮೈಗೆ ಎರಡು ಕೋಟ್ ಸೀಲರ್ ಹಚ್ಚಿಸಿ. ಡ್ರಾಯರ್‌ಗಳನ್ನೆಲ್ಲ ಹೊರಗೆಳೆದಿಟ್ಟು ಬೆಳಗಿನ ಜಾವ ಮತ್ತು ರಾತ್ರಿ ಎದುರುಬದುರು ಕಿಟಕಿ ತೆರೆಯಿರಿ. ಮಗುವಿನ ಬಟ್ಟೆ ಸದ್ಯ ಅದರೊಳಗೆ ಬೇಡ, ಬಟ್ಟೆ ಅನಿಲ ಹೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗಿನ ಗಾಳಿಗೆ 2010ರಲ್ಲಿ ಹಾಕಿದ ಮಿತಿ 30 ನಿಮಿಷದ ಸರಾಸರಿಯಲ್ಲಿ ಘನ ಮೀಟರಿಗೆ 0.1 ಮಿ.ಗ್ರಾಂ. ಕಣ್ಣಲ್ಲಿ ನೀರು ಬರುತ್ತಿದೆ ಎಂದರೆ ನೀವು ಅದನ್ನು ದಾಟಿರುವ ಸಂಭವವೇ ಹೆಚ್ಚು. ಅಂದಹಾಗೆ, ಅದೇ ಕೋಣೆಯಲ್ಲಿ ಸೊಳ್ಳೆ ಬತ್ತಿ ಉರಿಸುತ್ತಿದ್ದರೆ ನಿಲ್ಲಿಸಿ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದು ಬತ್ತಿ ಪೂರ್ತಿ ಉರಿದರೆ 51 ಸಿಗರೇಟಿನಷ್ಟು ಫಾರ್ಮಾಲ್ಡಿಹೈಡ್ ಬಿಡಬಹುದೆಂದು ಅಳೆದಿದೆ.

ಮುಂದೆ ಕೊಳ್ಳುವಾಗ ಹಲಗೆಯ ಮೇಲೆ ಇ-1 ಅಥವಾ ಇ-0 ಗುರುತು ನೋಡಿ, ಕಡಿಮೆ ಫಾರ್ಮಾಲ್ಡಿಹೈಡ್ ಬಿಡುವ ಹಲಗೆಯ ಗುರುತು ಅದು. ಭಾರತೀಯ ಮಾನಕ ಐಎಸ್ 303ರ ಬಿಡಬ್ಲ್ಯುಆರ್ ದರ್ಜೆ ಅಥವಾ ಐಎಸ್ 710ರ ಪ್ಲೈಗೆ ಬಳಸುವುದು ಫಿನಾಲ್-ಫಾರ್ಮಾಲ್ಡಿಹೈಡ್ ಅಂಟು. ಹೆಸರಿನಲ್ಲಿ ಫಾರ್ಮಾಲ್ಡಿಹೈಡ್ ಇದ್ದರೂ ಅದರ ಕೊಂಡಿ ಗಟ್ಟಿ, ಬಿಡುವುದು ಬಹಳ ಕಡಿಮೆ. ಎಂಆರ್ ದರ್ಜೆಯದು ಯೂರಿಯಾ ಅಂಟು. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಬಂಡೆಗೆ ಅಂಟಿಕೊಳ್ಳುವ ಸಮುದ್ರದ ಚಿಪ್ಪುಜೀವಿಯನ್ನು ನೋಡಿ ಸೋಯಾ ಹಿಟ್ಟಿನ ಅಂಟು ರೂಪಿಸಿದ್ದಾರೆ. ಅದಕ್ಕೆ 2007ರಲ್ಲಿ ಅಲ್ಲಿನ ಅಧ್ಯಕ್ಷೀಯ ಹಸಿರು ರಸಾಯನ ಪ್ರಶಸ್ತಿ ಬಂತು. ಬೀದರ್ ಜಿಲ್ಲೆಯಲ್ಲಿ ಇಷ್ಟೊಂದು ಸೋಯಾ ಬೆಳೆಯುವಾಗ ಇದರತ್ತ ಇಲ್ಲಿ ಯಾರಾದರೂ ಕಣ್ಣು ಹಾಯಿಸಬೇಕು.

ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ನಲ್ಲಿ ದಿನಾ ಎರಡು ಗಂಟೆ. ಕ್ಯಾನ್ಸರ್ ಬರುತ್ತದೆ ಅಂತ ಸೀನಿಯರ್‌ಗಳು ಹೆದರಿಸುತ್ತಾರೆ.
— ಪ್ರಥಮ ವರ್ಷದ ವೈದ್ಯಕೀಯ ವಿದ್ಯಾರ್ಥಿ

ಹೆದರಿಸಲು ಕಾರಣವಿದೆ, ಆದರೆ ಪ್ರಮಾಣವೂ ತಿಳಿದಿರಲಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ಒಂದನೇ ಗುಂಪಿಗೆ ಸೇರಿಸಿತು, ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರ್ ಆಧಾರದ ಮೇಲೆ. ಆಮೇಲೆ ಮೈಲಾಯ್ಡ್ ರಕ್ತಕ್ಯಾನ್ಸರೂ ಸೇರಿತು. ವರ್ಷಾನುಗಟ್ಟಲೆ ಶವಗಳಿಗೆ ಎಂಬಾಮಿಂಗ್ (ಕೆಡದಂತೆ ಫಾರ್ಮಾಲಿನ್ ತುಂಬುವುದು) ಮಾಡಿದವರ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಅದಕ್ಕೆ ಬಲ ಕೊಟ್ಟಿತು. ಇಲಿಗಳ ಹಳೆಯ ಪ್ರಯೋಗದಲ್ಲಿ 14 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 14 ಪಾಲು) ಇರುವ ಗಾಳಿ ಎರಡು ವರ್ಷ ಉಸಿರಾಡಿದವುಗಳಲ್ಲಿ ಅರ್ಧಕ್ಕೆ ಸಮೀಪ ಮೂಗಿನ ಕ್ಯಾನ್ಸರ್, ಸುಮಾರು 6ರಲ್ಲಿ ಎರಡೇ ಇಲಿಗೆ, 2ರಲ್ಲಿ ಒಂದಕ್ಕೂ ಇಲ್ಲ. ಅಮೆರಿಕದ ಕೆಲಸದ ಜಾಗದ ಮಿತಿ 8 ಗಂಟೆಗೆ 0.75 ಪಿಪಿಎಂ, 15 ನಿಮಿಷಕ್ಕೆ 2. ನಿಮಗಿಂತ ಹೆಚ್ಚು ಅಪಾಯ ಡಿಸೆಕ್ಷನ್ ಹಾಲ್‌ನ ಅಟೆಂಡರ್‌ಗೆ, ಆತ ಇಪ್ಪತ್ತು ವರ್ಷ ಅಲ್ಲೇ ಇರುತ್ತಾನೆ.

ಬಟ್ಟೆ ಮಾಸ್ಕು, ಸರ್ಜಿಕಲ್ ಮಾಸ್ಕು ಅನಿಲ ತಡೆಯುವುದಿಲ್ಲ. ಫಾರ್ಮಾಲ್ಡಿಹೈಡ್ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರೇ ಬೇಕು. ಗ್ಲೌಸ್ ನೈಟ್ರೈಲ್ ಇರಲಿ. ಸೀಲಿಂಗ್ ಫ್ಯಾನ್ ಮೇಜಿನ ಮೇಲಿನ ಆವಿಯನ್ನು ಎಬ್ಬಿಸಿ ಮುಖಕ್ಕೆ ತರುತ್ತದೆ. ಮೇಜಿನ ಎತ್ತರದಲ್ಲಿ ಎಕ್ಸಾಸ್ಟ್ ಇರಬೇಕು. ಹತ್ತು ನಿಮಿಷದ ಮೇಲೆ ವಾಸನೆ ಕಡಿಮೆಯಾಯಿತು ಅನಿಸಿದರೆ ಅದು ಮೂಗು ಸೋತದ್ದು, ಗಾಳಿ ಶುದ್ಧವಾದದ್ದಲ್ಲ. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ವಾಲ್ಟರ್ ಥೀಲ್ 1992ರಲ್ಲಿ ಪ್ರಕಟಿಸಿದ, ಶವ ಕೆಡದಂತೆ ಇಡುವ ವಿಧಾನದಲ್ಲಿ ಫಾರ್ಮಾಲಿನ್ ಬಹಳ ಕಡಿಮೆ, ದೇಹ ಮೆತ್ತಗೇ ಉಳಿದು ಕೀಲು ಮಡಿಸಬಹುದು. ದುಬಾರಿ ಎಂಬುದು ದೊಡ್ಡ ಅಡ್ಡಿ.

ನಮ್ಮ ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಪ್ರತಿ ಶನಿವಾರ ರಾತ್ರಿ ಓಟಿಗೆ (ಶಸ್ತ್ರಚಿಕಿತ್ಸೆಯ ಕೋಣೆಗೆ) ಫಾರ್ಮಾಲಿನ್ ಹೊಗೆ ಹಾಕುತ್ತೇವೆ. ಬೇಕೇ?
— ಸ್ಟಾಫ್ ನರ್ಸ್, ಯಾದಗಿರಿ

ವಾರ ವಾರ ಬೇಡ. ಸೋಂಕು ಬರುವುದು ಹೆಚ್ಚಾಗಿ ಕೈಯಿಂದ, ಉಪಕರಣದಿಂದ, ತೊಳೆಯದ ಮೈಗಳಿಂದ. ಸೋಪಿನ ನೀರಲ್ಲಿ ಉಜ್ಜಿ ತೊಳೆದು ಸೋಂಕುನಾಶಕ ಒರೆಸುವುದೇ ಮುಖ್ಯ. ಮೇಲೊಂದು ಬೇಕೆನಿಸಿದರೆ ಹೈಡ್ರೋಜನ್ ಪೆರಾಕ್ಸೈಡ್-ಬೆಳ್ಳಿ ಮಿಶ್ರಣವನ್ನು ಫಾಗರ್‌ನಲ್ಲಿ ಹೊಡೆಯಿರಿ, ಕೊನೆಗೆ ಉಳಿಯುವುದು ನೀರು, ಆಮ್ಲಜನಕ, ಚೂರು ಬೆಳ್ಳಿ. ಅನಿವಾರ್ಯವಾಗಿ ಫಾರ್ಮಾಲಿನ್ ಮತ್ತು ಪೊಟ್ಯಾಸಿಯಂ ಪರ್ಮ್ಯಾಂಗನೇಟಿನ ಹೊಗೆ ಹಾಕುವುದಾದರೆ ಪರ್ಮ್ಯಾಂಗನೇಟ್ ಮೊದಲು ಆಳವಾದ ಲೋಹದ ಪಾತ್ರೆಯಲ್ಲಿರಲಿ, ಅದರ ಮೇಲೆ ಫಾರ್ಮಾಲಿನ್ ಸುರಿದು ತಕ್ಷಣ ಹೊರಬನ್ನಿ. ಉಲ್ಟಾ ಮಾಡಬೇಡಿ, ಪ್ಲಾಸ್ಟಿಕ್ ಬಕೆಟ್ ಬೇಡ: ಕೊತಕೊತ ಕುದಿದು ಪಾತ್ರೆ ಕರಗುತ್ತದೆ. ಬಳಸಿ ಉಳಿದ ಫಾರ್ಮಾಲಿನ್ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಹಳದಿ ವರ್ಗದ ರಾಸಾಯನಿಕ ದ್ರವ ತ್ಯಾಜ್ಯ, ಸಿಂಕಿಗೆ ಸುರಿಯುವಂತಿಲ್ಲ.

ಮದುವೆಗೆ ಮುಂಚೆ ಕೂದಲು ನೇರ ಮಾಡಿಸಬೇಕು. "ಫಾರ್ಮಾಲಿನ್ ಇಲ್ಲ" ಎಂದು ಪಾರ್ಲರಿನವರು ಡಬ್ಬಿ ತೋರಿಸುತ್ತಾರೆ.
— ಓದುಗಳು, ಬೀದರ್

ಡಬ್ಬಿಯ ಹಿಂದೆ ಮೀಥಿಲೀನ್ ಗ್ಲೈಕಾಲ್ ಎಂದಿದೆಯೇ ನೋಡಿ. ನೀರಲ್ಲಿ ಕರಗಿದ ಫಾರ್ಮಾಲ್ಡಿಹೈಡಿನ ಇನ್ನೊಂದು ಹೆಸರು ಅದು. ಬಿಸಿ ಐರನ್ ಮುಟ್ಟಿದೊಡನೆ ಅನಿಲವಾಗಿ ಏಳುತ್ತದೆ. ಗ್ಲೈಆಕ್ಸಿಲಿಕ್ ಆಮ್ಲ ಎಂದಿದ್ದರೆ ಅದೂ ನಿಶ್ಚಿಂತೆಯದಲ್ಲ: ಅದು ತಲೆಯ ಚರ್ಮದ ಮೂಲಕ ಒಳಸೇರಿ ಆಕ್ಸಲೇಟ್ ಹರಳಾಗಿ ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟ ಪ್ರಕರಣ 2024ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಒಂದೆರಡು ದಿನಕ್ಕೆ ಸಾಕಾದರೆ ಬರೀ ಐರನ್ ಮಾಡಿಸಿ.

ಮೊಮ್ಮಗನ ಲಸಿಕೆಯಲ್ಲಿ ಫಾರ್ಮಾಲಿನ್ ಇದೆಯಂತೆ.
— ಅಜ್ಜ, ಸೇಡಂ

ಕೆಲವದರಲ್ಲಿ ಲವಲೇಶ ಉಳಿದಿರುತ್ತದೆ. ಡಿಫ್ತೀರಿಯಾ, ಧನುರ್ವಾಯುವಿನ ವಿಷವನ್ನು ನಿಷ್ಕ್ರಿಯ ಮಾಡುವುದೇ ಫಾರ್ಮಾಲ್ಡಿಹೈಡ್, 1920ರ ದಶಕದಿಂದಲೂ. ನಮ್ಮೆಲ್ಲರ ರಕ್ತದಲ್ಲಿ ಲೀಟರಿಗೆ 2ರಿಂದ 3 ಮಿ.ಗ್ರಾಂ ಫಾರ್ಮಾಲ್ಡಿಹೈಡ್ ಯಾವಾಗಲೂ ಇರುತ್ತದೆ, ದೇಹವೇ ಅದನ್ನು ತಯಾರಿಸಿ, ಬಳಸಿ, ಒಡೆಯುತ್ತದೆ. ಕೂಸಿನ ಮೈಯಲ್ಲಿ ಸಹಜವಾಗಿರುವುದು ಒಂದು ಚುಚ್ಚುಮದ್ದಿನಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಲಸಿಕೆ ಹಾಕಿಸಿ.

ಅರ್ಧ ಲೀಟರ್ ಬಾಟಲಿ ಕೈಜಾರಿ ಒಡೆದರೆ ಮೊದಲು ಏನು ಮಾಡಬೇಕು?
— ಲ್ಯಾಬ್ ಸಹಾಯಕಿ, ಶಹಾಪುರ

ಮೊದಲು ಎಲ್ಲರನ್ನೂ ಹೊರಗೆ ಕಳಿಸಿ, ಕಿಟಕಿ ತೆರೆಯಿರಿ, ಬರ್ನರ್ ಆರಿಸಿ. ಕಣ್ಣಿಗೆ ಸಿಡಿದಿದ್ದರೆ ಬೇರೆಲ್ಲ ಬಿಟ್ಟು ನಲ್ಲಿಯ ಸಣ್ಣ ಧಾರೆಯಲ್ಲಿ ರೆಪ್ಪೆ ಬಿಡಿಸಿ ಹಿಡಿದು 15 ನಿಮಿಷ ತೊಳೆಯಿರಿ, ಆಮೇಲೆ ಆಸ್ಪತ್ರೆ. ಬಟ್ಟೆ ತೊಯ್ದಿದ್ದರೆ ಕಳಚಿ. ಯಾರಾದರೂ ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ಸುಟ್ಟ ಅನ್ನನಾಳ ಎರಡನೇ ಸಲ ಸುಡುತ್ತದೆ. ಬಾಟಲಿಯ ಲೇಬಲ್ ಸಮೇತ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಒರೆಸುವವರು ನೈಟ್ರೈಲ್ ಗ್ಲೌಸ್, ಕನ್ನಡಕ, ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ ಹಾಕಿಕೊಂಡು, ಒಣ ಮರಳಿನಿಂದ ಅಂಚಿನಿಂದ ನಡುವಿಗೆ ಮುಚ್ಚುತ್ತ ಬರಲಿ. ಲ್ಯಾಬಿನಲ್ಲಿ ಸೋಡಿಯಂ ಸಲ್ಫೈಟ್ ಇದ್ದರೆ ಮೇಲೆ ಉದುರಿಸಿ, ಅದು ಫಾರ್ಮಾಲ್ಡಿಹೈಡನ್ನು ಹಿಡಿದಿಡುತ್ತದೆ. ಗಾಜನ್ನು ಕೈಯಿಂದಲ್ಲ, ಮೊರದಿಂದ ಎತ್ತಿ ಮುಚ್ಚಳವಿರುವ ಬಕೆಟಿಗೆ ಹಾಕಿ. ನೆಲವನ್ನು ಸೋಪಿನ ನೀರಲ್ಲಿ ಎರಡು ಸಲ ಒರೆಸಿ, ಒರೆಸಿದ ಬಟ್ಟೆಯೂ ಅದೇ ಬಕೆಟಿಗೆ.